ಅನುಮತಿ ಕೊಟ್ಟವರ ಹೆಸರು

ಆವತ್ತಿನ ರಂಪಕ್ಕೆಲ್ಲ ಕಾರಣ ಮೂರು ಸಾಲಿನ ಒಂದು ಸೂಚನೆ. ಬೆಳಿಗ್ಗೆ ಒಂಬತ್ತೂ ಕಾಲಿಗೆ ಗ್ರಂಥಾಲಯದ ಕಂಪ್ಯೂಟರ್ ಎದ್ದು, ಮೈಮುರಿದು, ಕೇಂದ್ರ ಕಚೇರಿಯಿಂದ ಬಂದ ಅಪ್‌ಡೇಟನ್ನು ನುಂಗಿ, ತೆರೆಯ ಮೇಲೆ ಹೀಗೆ ಬರೆಯಿತು:

“ಕಾರ್ಡ್ ಮುದ್ರಣದ ಪ್ಯಾಕೇಜ್, ಆವೃತ್ತಿ ೨.೭. ಇದರಲ್ಲಿ ಸುರಕ್ಷತೆಯ ದೋಷವಿರುವುದು ಗೊತ್ತಾಗಿದೆ, ಆದ್ದರಿಂದ ತೆಗೆದುಹಾಕಲಾಗಿದೆ. ಹೀಗಿದ್ದೂ ಬೇಕೆಂದರೆ ಅನುಮತಿ ಪಟ್ಟಿಯನ್ನು ತುಂಬಿ.”

ಓದಿದವಳು ಪಿಸುಮಾತು. ಅದು ಅವಳ ಹೆಸರಲ್ಲ. ಕೆಲಸಕ್ಕೆ ಸೇರಿದ ಮೊದಲ ದಿನ ಬೀಗದ ಕೈ ಎಲ್ಲಿದೆ ಎಂದು ಅವಳು ಮೂರು ಸಲ ಕೇಳಿದ್ದಳು. ಮೂರು ಸಲವೂ ಯಾರಿಗೂ ಕೇಳಿಸಿರಲಿಲ್ಲ. ನಾಲ್ಕನೆಯ ಸಲ ಕೇಳುವ ಬದಲು ಕಿಟಕಿಯಿಂದ ಒಳಗಿಳಿದಿದ್ದಳು. ಅಂದಿನಿಂದ ಅವಳ ನಿಜವಾದ ಹೆಸರು ಗೊತ್ತಿದ್ದದ್ದು ಹಾಜರಿ ಪುಸ್ತಕಕ್ಕೆ ಮಾತ್ರ.

ಗ್ರಂಥಾಲಯದ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ಅವಳ ಕೆಲಸ. ಎಲ್ಲ ಶಾಖೆಗಳಿಗೂ ಕೇಂದ್ರ ಕಚೇರಿಯವರು ಒಂದೇ ಬಗೆಯ ಲಿನಕ್ಸ್ ಕಟ್ಟಿ ಕಳಿಸಿದ್ದರು. ಅದರಲ್ಲಿ ಒಂದೊಂದು ಕೆಲಸಕ್ಕೂ ಒಂದೊಂದು ತಂತ್ರಾಂಶದ ಕಟ್ಟು: ಪುಸ್ತಕ ಹುಡುಕುವುದಕ್ಕೊಂದು ಪ್ಯಾಕೇಜ್, ತಡವಾಗಿ ತಂದವರನ್ನು ಗದರಿಸುವುದಕ್ಕೊಂದು, ಸದಸ್ಯರ ಕಾರ್ಡ್ ಮುದ್ರಿಸುವುದಕ್ಕೊಂದು. ಯಾವುದರಲ್ಲಾದರೂ ಹುಳುಕು ಕಂಡರೆ ಕೇಂದ್ರದವರು ಅದರ ಹಣೆಗೆ ಚೀಟಿ ಅಂಟಿಸುತ್ತಿದ್ದರು. ಚೀಟಿ ಬಿದ್ದ ಪ್ಯಾಕೇಜನ್ನು ಯಂತ್ರ ಹೊಸ್ತಿಲು ದಾಟಲು ಬಿಡುತ್ತಿರಲಿಲ್ಲ. ಅದರ ಈ ಗುಣ ಪಿಸುಮಾತಿಗೆ ತುಂಬ ಇಷ್ಟ. ‘ಯಾರ ಮುಖವನ್ನೂ ನೋಡದೆ “ಆಗಲ್ಲ” ಅನ್ನುತ್ತದೆ. ನನಗೆ ಯಾವಾಗ ಬಂದೀತು?’ ಎಂದು ಒಮ್ಮೆ ಡೈರಿಯಲ್ಲಿ ಬರೆದುಕೊಂಡಿದ್ದಳು.

ಆದರೆ ಇವತ್ತು ಅದು ಆಗಲ್ಲ ಅನ್ನಬಾರದಿತ್ತು. ಸಂಜೆ ನಾಲ್ಕಕ್ಕೆ ಗ್ರಂಥಾಲಯ ಸಮಿತಿಯ ಅಧ್ಯಕ್ಷರು ಬಂದು ನೂರ ಅರವತ್ತು ಹೊಸ ಸದಸ್ಯರಿಗೆ ಕಾರ್ಡ್ ಹಂಚುವವರಿದ್ದರು. ಒಂದೂ ಮುದ್ರಣವಾಗಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಅವಳ ಚೀಲದಲ್ಲಿ ನಾಲ್ಕು ಮಡಿಕೆಯ ಒಂದು ರಜೆ ಅರ್ಜಿಯಿತ್ತು. ಹನ್ನೊಂದು ತಿಂಗಳಲ್ಲಿ ಮೊದಲನೆಯದು. ಬೇರೆ ಊರಿನ ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅಕ್ಕನಿಗೂ ಅವಳಿಗೂ ಮೂರು ದಿನ ಒಟ್ಟಿಗೆ ಸಿಗುವ ಹಾಗಾಗಿ, ನಾಳೆ ಬೆಳಿಗ್ಗೆ ಆರರ ಬಸ್ಸಿಗೆ ಎರಡು ಟಿಕೆಟ್ ತೆಗೆದಾಗಿತ್ತು. ಹೊರಟಿದ್ದು ಸಮುದ್ರಕ್ಕೆ. ಇಬ್ಬರೂ ಅದನ್ನು ಇದುವರೆಗೆ ಕಂಡಿದ್ದು ಕ್ಯಾಲೆಂಡರಿನಲ್ಲಿ.

“ಹೋಗ್ತಿದೀವಿ ಅಂತ ಯಾರಿಗೂ ಹೇಳ್ಬೇಡ ಕಣೆ,” ಎಂದು ಅಕ್ಕ ಎಚ್ಚರಿಸಿದ್ದಳು. “ಹೇಳಿದ್ರೆ ನಾವೂ ಬರ್ತೀವಿ ಅಂತಾರೆ.”

ಅರ್ಜಿ ಕೊಡುವಾಗ ಹೇಳಬೇಕಾದ ಮಾತನ್ನು ಪಿಸುಮಾತು ಡೈರಿಯಲ್ಲಿ ನಾಲ್ಕು ಬಗೆಯಲ್ಲಿ ಬರೆದು, ಮೂರನ್ನು ಹೊಡೆದುಹಾಕಿ, ಉಳಿದದ್ದನ್ನು ಬಾಯಿಪಾಠ ಮಾಡಿದ್ದಳು. ಈಗ ಅರ್ಜಿಯನ್ನು ಕೈಯಲ್ಲಿ ಹಿಡಿದು, ಜೊತೆಗೆ ಈ ಸುದ್ದಿಯನ್ನೂ ಹೊತ್ತು ಗ್ರಂಥಪಾಲಕರ ಕೋಣೆಗೆ ಹೋದಳು.

ಗ್ರಂಥಪಾಲಕರನ್ನು ಎಲ್ಲರೂ ಸಾಹೇಬರೆನ್ನುತ್ತಿದ್ದರು. ಸಹಿ ಹಾಕುವುದೆಂದರೆ ಅವರಿಗೆ ಹಲ್ಲು ಕೀಳಿಸಿಕೊಂಡಷ್ಟು ಪ್ರಿಯ. ಮೇಲೆ ಇನ್ನಿಬ್ಬರ ಸಹಿ ಇಲ್ಲದ ಕಾಗದಕ್ಕೆ ಅವರ ಪೆನ್ನು ತಗುಲಿದ ಉದಾಹರಣೆ ಹದಿನಾಲ್ಕು ವರ್ಷದಲ್ಲಿ ಇರಲಿಲ್ಲ.

“ಸರ್, ಕಾರ್ಡ್ ಪ್ರಿಂಟ್ ಆಗೋದಿಲ್ಲ.”

“ಏನಮ್ಮಾ? ಜೋರಾಗಿ ಹೇಳು, ಫ್ಯಾನ್ ಸದ್ದು.”

ಫ್ಯಾನ್ ನಿಂತಿತ್ತು. ಪಿಸುಮಾತು ಮೇಜಿನ ಹತ್ತಿರ ಹೋಗಿ ಎಲ್ಲವನ್ನೂ ವಿವರಿಸಿದಳು. ಸಾಹೇಬರು ಕನ್ನಡಕ ತೆಗೆದು ಒರೆಸಿದರು.

“ಈ ದೋಷ ಯಾವಾಗಿಂದ ಇತ್ತು?”

“ಮೊದಲಿಂದಲೂ ಇತ್ತಂತೆ ಸರ್. ಈಗ ಗೊತ್ತಾಗಿದೆ.”

“ನಿನ್ನೆವರೆಗೂ ಇತ್ತು, ನಿನ್ನೆವರೆಗೂ ಕೆಲಸ ನಡೀತಿತ್ತು. ಗೊತ್ತು ಮಾಡ್ಕೊಂಡಿದ್ದೇ ತಪ್ಪಾಯ್ತು ನೋಡು,” ಎಂದು ನಿಟ್ಟುಸಿರು ಬಿಟ್ಟರು. “ಹೋಗ್ಲಿ, ಆ ಪಟ್ಟಿ ತುಂಬಿ ಹಾಕ್ಬಿಡು. ಏನು ತುಂಬಬೇಕು?”

“ಪ್ಯಾಕೇಜಿನ ಹೆಸರು, ಆವೃತ್ತಿ, ಕಾರಣ. ಆಮೇಲೆ, ದೋಷ ಇರೋದು ಗೊತ್ತಿದ್ದೇ ಅನುಮತಿ ಕೊಡ್ತಿದೀನಿ ಅಂತ ಒಬ್ಬರ ಹೆಸರು.”

ಸಾಹೇಬರು ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸಿದರು.

“ನಿನ್ನ ಹೆಸರೇ ಹಾಕು.”

“ಆಗಲ್ಲ ಸರ್. ಪ್ಯಾಕೇಜ್ ಹಾಕೋರು ಬೇರೆ ಇರ್ಬೇಕು, ಅನುಮತಿ ಕೊಡೋರು ಬೇರೆ ಇರ್ಬೇಕು. ಹಾಕೋಳು ನಾನು. ಗ್ರಂಥಾಲಯದ ದಾಖಲೆಯಲ್ಲಿ ಹೆಸರಿರೋ ಇನ್ಯಾರಾದ್ರೂ ಆಗುತ್ತೆ, ಸದಸ್ಯರಾದ್ರೂ ಸರಿ.”

ಸಾಹೇಬರ ಮುಖ ಅರಳಿತು. “ಇನ್ಯಾರಾದ್ರೂ ಆಗುತ್ತಾ? ಹಾಗಾದ್ರೆ ಇಂಥ ದೊಡ್ಡ ಅವಕಾಶ ನಾನೇ ಯಾಕೆ ಕಿತ್ಕೋಬೇಕು? ಕೌಂಟರಿನಲ್ಲಿ ಕೇಳು. ಅದೇನು ನಿನ್ನ ಕೈಯಲ್ಲಿ?”

ಬಾಯಿಪಾಠ ಮಾಡಿದ್ದು ಮರೆತುಹೋಗಿತ್ತು. ಅವಳು ಅರ್ಜಿಯನ್ನೇ ಮುಂದೆ ಹಿಡಿದಳು. ಸಾಹೇಬರು ಓದಿ, ಅದರ ಮೇಲೆ ಗಾಜಿನ ಪೇಪರ್‌ವೇಟ್ ಇಟ್ಟರು.

“ಅಧ್ಯಕ್ಷರ ಕೈಯಿಂದ ಕೊನೆ ಕಾರ್ಡ್ ಹೋದ ತಕ್ಷಣ ಇದಕ್ಕೆ ಸಹಿ. ಕಾರ್ಡ್ ಇಲ್ಲ ಅಂದ್ರೆ ರಜೆನೂ ಇಲ್ಲ. ಮಾತು ಮಾತೇ.”

ಕೌಂಟರಿನಲ್ಲಿ ಕೂರುವವರು ಎಲ್ಲರಿಗೂ ಅತ್ತೆ. ಊರಿನಲ್ಲಿ ಯಾರು ಯಾವ ಪುಸ್ತಕ ಓದಿ ಯಾಕೆ ಅತ್ತರು ಎಂಬುದು ಅವರಿಗೆ ಗೊತ್ತಿತ್ತು. ಪಿಸುಮಾತಿನ ಮಾತನ್ನು ಪೂರ್ತಿ ಕೇಳಿ ಅವರು ಕುರ್ಚಿಯನ್ನು ಎರಡಿಂಚು ಹಿಂದಕ್ಕೆ ಸರಿಸಿದರು.

“ನನ್ನ ಕೈಲಿ ಬೇರೆ ಏನು ಬೇಕಾದ್ರೂ ಮಾಡಿಸ್ಕೋ ಮಗಳೇ, ಇದೊಂದು ಬೇಡ. ಪಕ್ಕದ ಶಾಖೆ ಕಥೆ ಗೊತ್ತಿಲ್ವಾ? ಅಲ್ಲೊಬ್ಬ ಇಂಥದ್ದೇ ಪಟ್ಟಿಗೆ ಹೆಸರು ಹಾಕಿದ್ನಂತೆ. ಮಾರನೇ ದಿನ ಗಾಡಿ ಬಂದು ಕರ್ಕೊಂಡು ಹೋಯ್ತು. ಹತ್ತು ದಿನ ಪತ್ತೆ ಇಲ್ಲ.”

ಹರಿದ ಪುಸ್ತಕಗಳ ಹೊರೆ ಹೊತ್ತು ಬಂದ ಬೈಂಡರ್ ಮಾಮ ಅಲ್ಲೇ ನಿಂತರು. ಅವರ ಬೆರಳುಗಳಿಗೆ ಸದಾ ಅಂಟು ಮೆತ್ತಿರುತ್ತಿದ್ದುದರಿಂದ ಮಾತೂ ಅಂಟಿಕೊಂಡರೆ ಬಿಡುತ್ತಿರಲಿಲ್ಲ.

“ಹತ್ತು ದಿನ ಆದ್ಮೇಲೆ ಬಂದ್ನಲ್ಲ, ನಾನೇ ನೋಡ್ದೆ,” ಎಂದರು. “ಮೈಯೆಲ್ಲ ಕಪ್ಪಗಾಗಿತ್ತು. ಮೂಗಿನ ತುದಿ ಸಿಪ್ಪೆ ಏಳ್ತಿತ್ತು. ಏನು ಮಾಡಿದ್ರಪ್ಪಾ ಅಂದ್ರೆ, ಸುಮ್ನೆ ನಗ್ತಾನೆ. ಬಾಯಿ ಬಿಡಲ್ಲ.”

“ಪಾಪ, ತಲೆ ಕೆಟ್ಟಿರ್ಬೇಕು,” ಎಂದರು ಅತ್ತೆ.

“ನಗ್ತಾನೇ ಇದ್ದ ಅತ್ತೆ. ಕರುಳು ಕಿತ್ತು ಬರ್ತಿತ್ತು.”

ಮಾಮ ತಾವೂ ಒಲ್ಲೆನೆಂದರು. ಅವರಿಗೆ ಮದುವೆಯಾಗಬೇಕಾದ ಮಗಳಿದ್ದಳು. ಉಳಿದವರು ಪೇಪರ್ ತಾತ. ತಾತ ನೌಕರರಲ್ಲ. ಬಾಗಿಲು ತೆರೆಯುವುದಕ್ಕೆ ಮುಂಚೆ ಬಂದು, ಬಾಗಿಲು ಹಾಕಿದ ಮೇಲೆ ಹೋಗುವ ಓದುಗ. ಎಲ್ಲ ಪತ್ರಿಕೆಯನ್ನೂ ಮೊದಲು ತಾವೇ ಬಿಡಿಸಬೇಕೆಂಬುದೊಂದೇ ಅವರ ಹಟ. ಕೇಳಿದ್ದಕ್ಕೆ ಅವರು ಪತ್ರಿಕೆಯ ಮೇಲಂಚಿನಿಂದ ಕಣ್ಣಷ್ಟೇ ತೋರಿಸಿದರು.

“ಎಪ್ಪತ್ತೊಂದು ವರ್ಷ ನನ್ನ ಹೆಸರು ಮತದಾರರ ಪಟ್ಟಿ ಬಿಟ್ಟು ಬೇರೆ ಯಾವ ಪಟ್ಟಿಯಲ್ಲೂ ಬಂದಿಲ್ಲ ಮಗು. ಅದ್ಸರಿ, ದೋಷ ಅಂತೀಯಲ್ಲ, ಏನು ದೋಷ?”

ಪಿಸುಮಾತು ತಿಳಿದಷ್ಟನ್ನು ಬಿಡಿಸಿ ಹೇಳಿದಳು. ಕಾರ್ಡಿಗಾಗಿ ಸದಸ್ಯರು ಫೋಟೊ ಕಳಿಸುತ್ತಾರಲ್ಲ, ಆ ಫೋಟೊದ ಕಡತದೊಳಗೆ ಕಿಡಿಗೇಡಿಗಳು ಕಣ್ಣಿಗೆ ಕಾಣದ ಆಜ್ಞೆಗಳನ್ನು ಅಡಗಿಸಿಡಬಹುದು. ಹಳೆಯ ಪ್ಯಾಕೇಜ್ ಅದನ್ನು ತೆರೆದ ಕೂಡಲೇ ಅವರು ಯಂತ್ರದೊಳಗೆ ನುಗ್ಗಿಬಿಡಬಹುದು.

ಇಷ್ಟು ಹೇಳಿದ್ದೇ ತಪ್ಪಾಯಿತು.

“ಅಂದ್ರೆ ಫೋಟೊದವರಲ್ಲೇ ಯಾರೋ ಕಳ್ಳರಿದ್ದಾರೆ,” ಎಂದರು ತಾತ.

“ನಾನು ಆವತ್ತೇ ಅಂದ್ಕೊಂಡೆ,” ಎಂದರು ಅತ್ತೆ. “ನಲವತ್ಮೂರನೇ ನಂಬರಿನ ಮೀಸೆ ನೋಡಿದ್ಯಾ?”

“ಹಾಗಲ್ಲ ಅತ್ತೆ, ಮುಖ ನೋಡಿದ್ರೆ ಗೊತ್ತಾಗೋದಿಲ್ಲ...”

ಯಾರಿಗೂ ಕೇಳಿಸಲಿಲ್ಲ. ಗದ್ದಲಕ್ಕೆ ಸಾಹೇಬರೂ ಹೊರಬಂದರು. ಕಳ್ಳರನ್ನು ಬೇರ್ಪಡಿಸಿದರೆ ಉಳಿದವರಿಗೆ ಅನುಮತಿಯೇ ಬೇಕಿಲ್ಲವಲ್ಲ ಎಂಬ ಆಸೆ ಅವರಿಗೆ. ನಾಲ್ವರೂ ತೆರೆಯ ಮುಂದೆ ಕುತ್ತಿಗೆ ಚಾಚಿ ಕುಳಿತು ಫೋಟೊಗಳನ್ನು ಒಂದೊಂದಾಗಿ ಸರಿಸಿದರು. ಅಂಚೆ ಕಚೇರಿಯ ಗುಮಾಸ್ತೆಯ ನಗು ಅತ್ತೆಗೆ ಹಿಡಿಸಲಿಲ್ಲ. ಹಲ್ಲಿನ ಡಾಕ್ಟರು ಬಾಯಿ ಮುಚ್ಚಿಕೊಂಡಿದ್ದು ಮಾಮನಿಗೆ ಅನುಮಾನ ತಂದಿತು. ಹನ್ನೊಂದೂವರೆಗೆ ಇಪ್ಪತ್ತಾರು ಮಂದಿ ಕಳ್ಳರಾಗಿದ್ದರು. ಆಗ ತೆರೆಯ ಮೇಲೆ ಕೆದರಿದ ಕೂದಲಿನ, ಅರ್ಧ ಕಣ್ಣು ಮುಚ್ಚಿದ ಮುಖವೊಂದು ಬಂದಿತು.

“ನೋಡಿ, ನೋಡಿ, ಇವನೇ,” ಎಂದು ತಾತ ಮೇಜು ಕುಟ್ಟಿದರು. “ಜೈಲಿನಿಂದ ತಪ್ಪಿಸ್ಕೊಂಡು ಬಂದ ಹಾಗಿದ್ದಾನೆ. ಯಾರಿವನು?”

ಕೆಳಗಿನ ಹೆಸರನ್ನು ಯಾರೂ ಜೋರಾಗಿ ಓದಲಿಲ್ಲ. ಕಾರ್ಡ್ ಕಳೆದುಕೊಂಡು ಹೊಸದಕ್ಕೆ ಅರ್ಜಿ ಹಾಕಿದ್ದ ತಾತನದೇ ಫೋಟೊ ಅದು. ತಾತ ಎದ್ದು ಹೋಗಿ, ಆಗಲೇ ಓದಿ ಮುಗಿಸಿದ್ದ ಪತ್ರಿಕೆಯನ್ನು ಮತ್ತೆ ಮುಖಕ್ಕೆ ಅಡ್ಡ ಹಿಡಿದರು. ತನಿಖೆ ಅಲ್ಲಿಗೆ ನಿಂತಿತು.

ಊಟದ ಹೊತ್ತಿಗೆ ಎಲ್ಲರೂ ಎದ್ದುಹೋದ ಮೇಲೆ ಪಿಸುಮಾತು ಯಂತ್ರದ ಮುಂದೆ ಒಬ್ಬಳೇ ಕುಳಿತಳು. ಡಬ್ಬಿ ತೆರೆಯಲೂ ಮನಸ್ಸಿರಲಿಲ್ಲ. ಇಡೀ ಕಟ್ಟಡದಲ್ಲಿ ಒಂದು ಹೆಸರು ಹುಟ್ಟಲಿಲ್ಲವಲ್ಲ ಎಂದುಕೊಳ್ಳುತ್ತ ಕೇಂದ್ರದವರ ಪ್ಯಾಕೇಜುಗಳ ಉಗ್ರಾಣವನ್ನು ಜಾಲಾಡಿದಳು. ಮೂಲೆಯಲ್ಲಿ, ಪರೀಕ್ಷೆಗೆ ಇಟ್ಟವುಗಳ ನಡುವೆ, ಅದೇ ಪ್ಯಾಕೇಜಿನ ೨.೮ ಕಂಡಿತು. ಪಕ್ಕದಲ್ಲಿ ಚಿಕ್ಕ ಅಕ್ಷರದ ಟಿಪ್ಪಣಿ: “ದೋಷ ಸರಿಪಡಿಸಲಾಗಿದೆ. ಅನುಮತಿ ಬೇಕಿಲ್ಲ. ಅಷ್ಟಿಷ್ಟು ತೊಡಕು ಇರಬಹುದು.”

ಅನುಮತಿ ಬೇಕಿಲ್ಲ. ಈ ಎರಡು ಪದಗಳನ್ನು ಅವಳು ಮೂರು ಸಲ ಓದಿದಳು. ಆಗಲೇ ಕಾಲಿಗೆ ಅಲೆ ತಗುಲಿದ ಹಾಗಾಯಿತು.

ಅಷ್ಟಿಷ್ಟು ತೊಡಕೆಂದು ಬರೆದವರು ಸಂಕೋಚದ ಸ್ವಭಾವದವರಿರಬೇಕು. ಮೊದಲ ಮುದ್ರಣದಲ್ಲಿ ಎಲ್ಲರ ಫೋಟೊ ಒಂದೊಂದು ಮನೆ ಮುಂದಕ್ಕೆ ಜಾರಿ, ಹಲ್ಲಿನ ಡಾಕ್ಟರ ಹೆಸರಿಗೆ ತಾತನ ಮುಖ ಬಂತು. ಎರಡನೆಯದರಲ್ಲಿ ಮುಖ ಅವರವರದೇ, ಆದರೆ ಎಲ್ಲರೂ ತಲೆಕೆಳಗಾಗಿ ಬಾವಲಿಗಳ ಹಾಗೆ ನೇತಾಡುತ್ತಿದ್ದರು. ಎರಡೂವರೆಗೆ ಎಲ್ಲ ಸರಿಹೋಗಿ ಯಂತ್ರ ಒಂದೊಂದೇ ಬೆಚ್ಚನೆಯ ಕಾರ್ಡನ್ನು ಉಗುಳತೊಡಗಿತು. ಪಿಸುಮಾತು ಬೆವರೊರೆಸಿಕೊಂಡು ನೀರು ಕುಡಿಯಲು ಹೋದಳು.

ಬರುವಷ್ಟರಲ್ಲಿ ಟ್ರೇ ಖಾಲಿ.

“ಸಹಾಯ ಆಗ್ಲಿ ಅಂತ ನಾನೇ ಎತ್ಕೊಂಡೆ ತಂಗಿ,” ಎಂದರು ಬೈಂಡರ್ ಮಾಮ. ಅವರು ಮೊದಲ ನಲವತ್ತು ಕಾರ್ಡುಗಳನ್ನು ಅಂಚು ಸರಿಮಾಡಿ ಜೋಡಿಸಿ, ಅಭ್ಯಾಸಬಲದಿಂದ ಬೆನ್ನಿಗೆ ಅಂಟು ಸವರಿ, ರಟ್ಟು ಹಾಕಿ, ಒತ್ತುಯಂತ್ರದಲ್ಲಿಟ್ಟು ತಿರುಪು ಬಿಗಿದಿದ್ದರು. “ನೋಡು, ಎಂಥಾ ಬೈಂಡಿಂಗ್. ನೂರು ವರ್ಷ ಒಂದು ಹಾಳೆ ಅಲ್ಲಾಡಲ್ಲ.”

ಅಲ್ಲಾಡಲಿಲ್ಲ. ಚಾಕು ಹಾಕಿದರೂ ಬಿಡಲಿಲ್ಲ. ನಲವತ್ತನ್ನೂ ಮತ್ತೆ ಮುದ್ರಿಸಬೇಕಾಯಿತು. ಸಾಹೇಬರು ಐದೈದು ನಿಮಿಷಕ್ಕೊಮ್ಮೆ ಬಂದು “ಎಷ್ಟಾಯ್ತು?” ಎನ್ನುವರು. ಎಣಿಕೆ ತಪ್ಪಿ ಅವಳು ಮೊದಲಿಂದ ಎಣಿಸುವಳು. ಕೊನೆಯ ಕಾರ್ಡ್ ಹೊರಬಿದ್ದಾಗ ನಾಲ್ಕಕ್ಕೆ ಎರಡು ನಿಮಿಷವಿತ್ತು. ಅಧ್ಯಕ್ಷರ ಕಾರು ಹೊರಗೆ ನಿಂತಾಗಿತ್ತು.

ಹಂಚುವುದು ಸುಸೂತ್ರವಾಗಿ ನಡೆಯಿತು. ಇಪ್ಪತ್ತಾರು ಕಳ್ಳರೂ ನಗುನಗುತ್ತ ಕಾರ್ಡ್ ತೆಗೆದುಕೊಂಡು ಹೋದರು. ಅಧ್ಯಕ್ಷರು ಟೀ ಕುಡಿಯುತ್ತ ಕೇಳಿದರು:

“ಕಾರ್ಡಿನ ಪ್ಯಾಕೇಜನ್ನ ಬೆಳಿಗ್ಗೆ ಎಲ್ಲಾ ಕಡೆ ತೆಗೆದು ಬಿಸಾಕಿದಾರಂತೆ. ಬೇರೆ ಶಾಖೆಯವರೆಲ್ಲ ಕೈ ಕಟ್ಕೊಂಡು ಕೂತಿದಾರೆ, ಅನುಮತಿ ಕೊಡೋಕೆ ಯಾರಿಗೂ ಧೈರ್ಯ ಇಲ್ಲ. ಇಲ್ಲಿ ಮಾತ್ರ ಕಾರ್ಡ್ ಬಂದಿದೆ. ಯಾರಪ್ಪಾ ಆ ಧೈರ್ಯ ಮಾಡಿದೋರು?”

ಸಾಹೇಬರು ಟೈ ಸರಿಮಾಡಿಕೊಂಡರು.

“ಜವಾಬ್ದಾರಿ ಅಂದ್ಮೇಲೆ ತಗೊಳ್ಳೇಬೇಕಲ್ಲ ಸರ್. ನಾನೇ ಕೊಟ್ಟೆ.”

“ಕೊಡಿ ಅಂತ ಬೆಳಿಗ್ಗೆಯಿಂದ ಒತ್ತಾಯ ಮಾಡಿದ್ದು ನಾನು,” ಎಂದರು ಅತ್ತೆ.

“ನಾನೂ ಒಂದು ಕೈ ಹಾಕಿದೀನಿ,” ಎಂದು ಮಾಮ ಅಂಟಿನ ಕೈಯನ್ನೇ ಎತ್ತಿ ತೋರಿಸಿದರು. ತಾತ ಪತ್ರಿಕೆಯ ಹಿಂದಿನಿಂದ, ಓದುಗರ ಪರವಾಗಿ ತಾವೂ ಒಪ್ಪಿದ್ದಾಗಿ ಘೋಷಿಸಿದರು.

“ಭೇಷ್,” ಎಂದರು ಅಧ್ಯಕ್ಷರು. “ಹೊರಡೋ ಮುಂಚೆ ಆ ಪಟ್ಟಿಯನ್ನೊಮ್ಮೆ ತೋರಿಸಿ. ಸಭೇಲಿ ಓದಿ ಹೇಳ್ತೀನಿ.” ಹಾಗೆಂದು ಹೊಸ ಓದುಕೋಣೆಯನ್ನು ನೋಡಲು ಒಳಗೆ ನಡೆದರು.

ನಾಲ್ವರೂ ಯಂತ್ರದತ್ತ ಓಡಿದ ರಭಸಕ್ಕೆ ನಿಘಂಟುಗಳ ಕಪಾಟು ನಡುಗಿತು. ಬೆಳಿಗ್ಗೆಯ ಅನುಮತಿ ಪಟ್ಟಿ ತೆರೆಯ ಮೇಲೆ ಇನ್ನೂ ಖಾಲಿ ಬಾಯಿ ತೆರೆದುಕೊಂಡೇ ಇತ್ತು.

“ಸರ್, ಅದು ಬೇಡ,” ಎಂದಳು ಪಿಸುಮಾತು. “ಹಳೇದನ್ನ ನಾನು ಹಾಕೇ ಇಲ್ಲ. ಇದು ಸರಿಮಾಡಿದ ಹೊಸದು. ಇದಕ್ಕೆ ಅನುಮತಿನೇ...”

“ಏನಮ್ಮಾ? ಜೋರಾಗಿ ಹೇಳು.” ಸಾಹೇಬರ ಒಂದು ಕೈಯಲ್ಲಿ ಅವಳ ರಜೆ ಅರ್ಜಿಯಿತ್ತು, ಇನ್ನೊಂದರಲ್ಲಿ ಮುಚ್ಚಳ ತೆಗೆದ ಪೆನ್ನು. ಹದಿನಾಲ್ಕು ವರ್ಷಕ್ಕೊಮ್ಮೆ ಬರುವ ಉತ್ಸಾಹ ಅವರ ಮುಖದ ಮೇಲಿತ್ತು. ಈಗ ಜೋರಾಗಿ ಹೇಳಿದರೆ ಓದುಕೋಣೆಗೂ ಕೇಳಿಸುತ್ತಿತ್ತು. ಸಾಹೇಬರ ಮುಖ ಬಾಡುತ್ತಿತ್ತು, ಪೆನ್ನು ಜೇಬಿಗೆ ಹೋಗುತ್ತಿತ್ತು, ಅಕ್ಕ ಒಬ್ಬಳೇ ಬಸ್ ಹತ್ತುತ್ತಿದ್ದಳು. ಪಿಸುಮಾತು ಒಮ್ಮೆ ಸಮುದ್ರವನ್ನು ನೆನೆದಳು.

“ಏನಿಲ್ಲ ಸರ್.”

ಸಾಹೇಬರು ರಜೆಗೆ ಸಹಿ ಹಾಕಿ, ಅದೇ ಹುಮ್ಮಸ್ಸಿನಲ್ಲಿ ಪಟ್ಟಿಯಲ್ಲಿ ತಮ್ಮ ಹೆಸರು ಒತ್ತಿದರು. ಯಂತ್ರ ಕೇಳಿತು: “ಸರಿಪಡಿಸಿದ ಆವೃತ್ತಿ ಈಗಾಗಲೇ ಇದೆ. ಹೀಗಿದ್ದೂ ದೋಷವಿರುವ ಹಳೆಯದಕ್ಕೆ ಅನುಮತಿ ಕೊಡುವಿರಾ?” ಅವರು ಓದದೆ ‘ಹೌದು’ ಒತ್ತಿದರು. ಕಾರಣದ ಜಾಗದಲ್ಲಿ ‘ಸಾರ್ವಜನಿಕ ಹಿತದೃಷ್ಟಿಯಿಂದ’ ಎಂದು ಬರೆದರು. ಅತ್ತೆ ‘ಸಾಹೇಬರು ಹೇಳಿದ್ದರಿಂದ’ ಎಂದು ಬರೆದರು. ಮಾಮ ಬರೆದದ್ದು ‘ಅಂಟು ಚೆನ್ನಾಗಿ ಹಿಡಿದಿದೆ.’ ತಾತ ಬೇರೇನೂ ತೋಚದೆ ‘ಮೇಲಿನಂತೆ’ ಎಂದರು. ಅಧ್ಯಕ್ಷರು ಬಂದು ನೋಡಿ, ನಾಲ್ವರ ಬೆನ್ನನ್ನೂ ತಟ್ಟಿ ಹೋದರು.

ಪಿಸುಮಾತು ಅರ್ಜಿಯನ್ನು ಡೈರಿಯೊಳಗೆ ಇಟ್ಟುಕೊಂಡಳು. ಚೀಲ ಹೆಗಲಿಗೇರಿಸಿದಳು. ಐದು ಗಂಟೆ ಐದು ನಿಮಿಷಕ್ಕೆ ಯಂತ್ರ ಮೆಲ್ಲಗೆ ಟಿಣ್ ಎಂದಿತು. ಕೇಂದ್ರ ಕಚೇರಿಯ ಪತ್ರ. ಸಾಹೇಬರು ಪ್ರಶಂಸೆಯೇ ಬಂತೆಂದು ಎಲ್ಲರನ್ನೂ ಕರೆದು ದೊಡ್ಡ ದನಿಯಲ್ಲಿ ಓದಿದರು.

“ದೋಷ ಗೊತ್ತಿದ್ದೂ, ಸರಿಪಡಿಸಿದ ಆವೃತ್ತಿ ಕಣ್ಣೆದುರಿಗಿದ್ದೂ, ಹಳೆಯ ಪ್ಯಾಕೇಜಿಗೆ ಅನುಮತಿ ಕೊಟ್ಟ ಈ ಕೆಳಗಿನ ನಾಲ್ವರು ನಾಳೆಯಿಂದ ಹತ್ತು ದಿನ ಸುರಕ್ಷತೆಯ ಕಡ್ಡಾಯ ತರಬೇತಿಗೆ ಹಾಜರಾಗತಕ್ಕದ್ದು.”

ಅವರ ದನಿ ಇಳಿಯಿತು. ಅತ್ತೆ ಎದೆಯ ಮೇಲೆ ಕೈಯಿಟ್ಟುಕೊಂಡರು. “ನಾನು ಹೇಳ್ಲಿಲ್ವಾ, ಗಾಡಿ ಬರುತ್ತೆ ಅಂತ?”

“ಸ್ಥಳ,” ಎಂದು ಸಾಹೇಬರು ಮುಂದುವರಿಸಿದರು. “ಸಮುದ್ರತೀರದಲ್ಲಿರುವ ಇಲಾಖೆಯ ಅತಿಥಿಗೃಹ. ಊಟ ವಸತಿ ಉಚಿತ. ತರಗತಿ ದಿನಕ್ಕೆ ಒಂದು ಗಂಟೆ. ಈಜುಡುಗೆ ತಾವೇ ತರತಕ್ಕದ್ದು.”

ಬೈಂಡರ್ ಮಾಮ ತಮ್ಮ ಮೂಗಿನ ತುದಿಯನ್ನು ಮೆಲ್ಲಗೆ ಮುಟ್ಟಿಕೊಂಡರು.

“ಅವನು ಕಪ್ಪಗಾಗಿದ್ದು...”

“ಬಿಸಿಲಿಗೆ, ಮಾಮ,” ಎಂದಳು ಪಿಸುಮಾತು.

ಪತ್ರ ಇನ್ನೂ ಎರಡು ಸಾಲಿತ್ತು. ಕಚೇರಿಯ ಕಾರಿನಲ್ಲಿ ಮೂವರಿಗೆ ಮಾತ್ರ ಜಾಗ, ನಾಲ್ಕನೆಯವರು ಬಸ್ಸಿನಲ್ಲಿ ಬರುವುದು. ಪಟ್ಟಿಯಲ್ಲಿ ಹೆಸರಿಲ್ಲದ ಸಿಬ್ಬಂದಿ ಶಾಖೆಯನ್ನು ಎಂದಿನಂತೆ ತೆರೆದಿಡುವುದು. ಆ ಹತ್ತು ದಿನ ಅವರಿಗೆ ಮಂಜೂರಾದ ರಜೆ ಇದ್ದರೆ ರದ್ದು.

ನಾಲ್ವರೂ ಒಟ್ಟಿಗೆ ಪಿಸುಮಾತಿನತ್ತ ತಿರುಗಿದರು. ಪಟ್ಟಿಯಲ್ಲಿ ಹೆಸರಿಲ್ಲದ ಸಿಬ್ಬಂದಿ ಎಂದರೆ ಅವಳೊಬ್ಬಳೇ. ಸಾಹೇಬರು ಕೈ ಚಾಚಿದರು. ಅವಳು ಡೈರಿಯಿಂದ ಅರ್ಜಿ ತೆಗೆದುಕೊಟ್ಟಳು.

“ಬೇಜಾರು ಮಾಡ್ಕೋಬೇಡ. ನಿನ್ನ ಮೇಲೆ ನಂಬಿಕೆ ಇಟ್ಟು ಹೋಗ್ತಿದೀವಿ,” ಎಂದರು ಸಾಹೇಬರು. “ಕೌಂಟರೂ ನೋಡ್ಕೋ.”

“ಬೈಂಡಿಂಗೂ,” ಎಂದರು ಮಾಮ.

“ಪೇಪರನ್ನ ನನಗಿಂತ ಮೊದಲು ಯಾರಿಗೂ ಬಿಡಿಸೋಕೆ ಬಿಡ್ಬೇಡ,” ಎಂದರು ತಾತ. “ಹತ್ತೂ ದಿನದ್ದು ಎತ್ತಿಡು.”

ಅಷ್ಟರಲ್ಲಿ ಅವಳ ಫೋನು ಗುನುಗಿತು. ಅಕ್ಕ ಮನೆಗೆ ಬಂದಿಳಿದಿದ್ದಳು. ಪಿಸುಮಾತು ನಡೆದದ್ದನ್ನೆಲ್ಲ ಹೇಳಿದಳು.

“ನನಗೆ ಮತ್ತೆ ರಜೆ ಸಿಗೋದು ಮುಂದಿನ ವರ್ಷ ಕಣೆ,” ಎಂದಳು ಅಕ್ಕ. “ನಾನಾದ್ರೂ ನೋಡ್ಕೊಂಡು ಬರ್ಲಾ? ಆದ್ರೆ ನಿನ್ನ ಟಿಕೆಟ್? ಕಿಟಕಿ ಪಕ್ಕದ್ದು, ವಾಪಸ್ ತಗೊಳ್ಳಲ್ವಂತೆ.”

ಅಕ್ಕನ ದನಿ ಪಿಸುಮಾತಿನ ಹಾಗಲ್ಲ, ಫೋನಿನಿಂದಾಚೆಗೂ ಕೇಳಿಸುತ್ತದೆ. ಪೇಪರ್ ತಾತ ಪತ್ರಿಕೆ ಮಡಚಿದರು.

“ಆರು ಗಂಟೆ ಬಸ್ಸಾ ಮಗು?” ಎಂದರು. “ನನಗೂ ಕಿಟಕಿ ಪಕ್ಕವೇ ಆಗ್ಬೇಕು.”

ಬೇಡ ಎನ್ನಲು ಅವಳು ಬಾಯಿ ತೆರೆದಳು. ತಾತ ಅದನ್ನು ಹೂಂ ಎಂದೇ ತಿಳಿದು, ಕಾರ್ಡನ್ನು ಜೇಬಿಗೆ ಹಾಕಿಕೊಂಡು ಹೊರಟರು. ಉಳಿದವರೂ ಪೆಟ್ಟಿಗೆ ಕಟ್ಟಲು ಓಡಿದರು. ಬಾಗಿಲಿನಲ್ಲಿ ಅತ್ತೆ ಮಾತ್ರ ತಿರುಗಿ ನಿಂತು, ಸಮುದ್ರದಿಂದ ಏನು ತರಲಿ ಎಂದು ಕೇಳಿದರು. ಉತ್ತರ ಅವರಿಗೆ ಕೇಳಿಸಲಿಲ್ಲ.

ಗ್ರಂಥಾಲಯ ಖಾಲಿಯಾಯಿತು. ಪಿಸುಮಾತು ಚೀಲ ಇಳಿಸಿ ಯಂತ್ರದ ಮುಂದೆ ಕುಳಿತಳು. ಅನುಮತಿ ಪಟ್ಟಿಯಲ್ಲಿ ಐದನೆಯ ಸಾಲು ಖಾಲಿಯಿತ್ತು. ಅವಳು ಸುತ್ತ ನೋಡಿದಳು. ಪ್ಯಾಕೇಜಿನ ಹೆಸರು ಬರೆದಳು, ಆವೃತ್ತಿ ೨.೭ ಎಂದು ಬರೆದಳು. ಅನುಮತಿ ಕೊಟ್ಟವರ ಹೆಸರಿನ ಜಾಗದಲ್ಲಿ, ಹಾಜರಿ ಪುಸ್ತಕದಲ್ಲಿರುವ ತನ್ನ ಪೂರ್ತಿ ಹೆಸರನ್ನು ಒಂದಕ್ಷರ ಬಿಡದೆ ಬರೆದಳು. ಕಾರಣದ ಮುಂದೆ ಸ್ವಲ್ಪ ತಡೆದು, ‘ಸಮುದ್ರ’ ಎಂದು ಬರೆದು ಒತ್ತಿದಳು.

ಯಂತ್ರ ಯೋಚಿಸಿತು. ಆಮೇಲೆ ಎಂದಿನ ಹಾಗೆ, ಯಾರ ಮುಖವನ್ನೂ ನೋಡದೆ ಉತ್ತರಿಸಿತು:

“ಕಾರಣ: ಒಪ್ಪಲಾಗಿದೆ. ಹೆಸರು: ಒಪ್ಪಲಾಗುವುದಿಲ್ಲ. ಪ್ಯಾಕೇಜ್ ಹಾಕುವವರು ತಾವೇ ಅನುಮತಿ ಕೊಡುವಂತಿಲ್ಲ.”